ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ನೋ, ಫಿಸಿಯೋಥೆರಪಿಯೋ: ಎರಡೂ ಮಾಡಿಸಿಕೊಂಡ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫಿಸಿಯೋಥೆರಪಿಗೆ. ಇಂಜೆಕ್ಷನ್ ಕೆಲಸ ಮಾಡಲಿಲ್ಲ ಅಂತಲ್ಲ; ಮಾಡಿತು, ಬೇಗನೇ ಮಾಡಿತು. ಆದರೆ ನಾನು ಶುಗರ್ ಇರುವ ಮನುಷ್ಯ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಬೆಳಗಿನಿಂದ ಸಂಜೆತನಕ ಕೂತು ಲೆಕ್ಕ ಬರೆಯುವ ಕೆಲಸ. ನನಗೆ ಒಗ್ಗಿದ್ದು ಚಾಪೆಯ ಮೇಲಿನ ವ್ಯಾಯಾಮ.

ನನ್ನ ತೊಂದರೆ ಎರಡು. ಸೊಂಟದ ಡಿಸ್ಕ್ ಸರಿದು ನರ ಒತ್ತಿ, ಎಡಗಾಲಿನ ಕಿರುಬೆರಳ ತನಕ ಎಳೆಯುವ ನೋವು ಒಂದು. ಹಳೆಯ ಕುತ್ತಿಗೆ ನೋವು ಇನ್ನೊಂದು. ಮೊದಲು ಬಂದದ್ದು ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಮಾತ್ರೆ. ಕಾಲಿನ ಉರಿ ತುಸು ಇಳಿಯಿತು, ಆದರೆ ಮಧ್ಯಾಹ್ನವಾದರೆ ಕಣ್ಣು ಎಳೆಯುತ್ತಿತ್ತು. ಮೆಣಸಿನಕಾಯಿ ಚೀಲದ ತೂಕ ಬರೆಯುವವನು ತೂಕಡಿಸಿದರೆ ನಡೆಯುವುದಿಲ್ಲ. ಡಾಕ್ಟರಿಗೆ ಹೇಳಿ, ಅವರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿ ಇಳಿಸಿ ನಿಲ್ಲಿಸಿದೆ.

ಆಮೇಲೆ ಇಂಜೆಕ್ಷನ್. ಹೊಟ್ಟೆಯ ಕೆಳಗೆ ದಿಂಬಿಟ್ಟು ಬೋರಲು ಮಲಗಿಸುತ್ತಾರೆ. ಸಿ-ಆರ್ಮ್ ಎಕ್ಸ್‌ರೇಯಲ್ಲಿ ಸೂಜಿ ಎಲ್ಲಿದೆ ಎಂದು ನೋಡುತ್ತ, ಬಣ್ಣದ ಔಷಧ ಬಿಟ್ಟು ಜಾಗ ಖಾತ್ರಿ ಮಾಡಿಕೊಂಡು, ನರದ ಬೇರಿನ ಹತ್ತಿರ ಸ್ಟೀರಾಯ್ಡ್ ಬಿಡುತ್ತಾರೆ. ಆ ಗಳಿಗೆಯಲ್ಲಿ ಕಾಲಿನುದ್ದಕ್ಕೂ ಕರೆಂಟ್ ಹೊಡೆದ ಹಾಗಾಯಿತು, ಅಷ್ಟೇ. ಸಂಜೆಗೆ ಮನೆಗೆ ಬಂದೆ. ಕೆಲವೇ ದಿನಗಳಲ್ಲಿ ಕಾಲಿನ ಎಳೆತ ಇಳಿದು, ರಾತ್ರಿ ಮಗ್ಗಲು ಬದಲಿಸಿ ಮಲಗುವಂತಾದೆ. ಅದೊಂದು ಸುಖವನ್ನು ನಾನು ಕಡಿಮೆ ಮಾಡಿ ಹೇಳಲಾರೆ.

ಆದರೆ ಶುಗರ್. ಇದನ್ನು ವಿವರವಾಗಿ ಬರೆಯಲೇಬೇಕು. ನಾನು ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತಗೊಳ್ಳುವವನೆಂದು ಆಸ್ಪತ್ರೆಯ ಚೀಟಿಯಲ್ಲಿಯೇ ಇತ್ತು. ರಕ್ತ ತೆಳುವಾಗಿಸುವ ಗುಳಿಗೆ ಇದೆಯಾ ಎಂದು ಕೇಳಿದರು, ಅಲರ್ಜಿ ಕೇಳಿದರು, ಸಹಿ ಹಾಕಿಸಿಕೊಂಡರು. ಇಂಜೆಕ್ಷನ್ ಆದ ಮೇಲೆ ಶುಗರ್ ಏರುತ್ತದೆ, ಮನೆಯಲ್ಲಿ ಚೆಕ್ ಮಾಡಿಕೊಳ್ಳುತ್ತಿರಿ ಎಂಬ ಒಂದು ಮಾತನ್ನು ಯಾರೂ ಹೇಳಲಿಲ್ಲ. ಮರುದಿನ ಗಂಟಲು ಒಣಗಿ, ಮೇಲಿಂದ ಮೇಲೆ ಮೂತ್ರಕ್ಕೆ ಏಳುವಂತಾಯಿತು. ಮುಖ ಕೆಂಪೇರಿತ್ತು, ನಿದ್ದೆಯಿಲ್ಲ. ಸಂಜೆ ಮನೆಯ ಮಿಷನ್ನಿನಲ್ಲಿ ನೋಡಿದರೆ 340. ಬೆಳಗಿನ ಖಾಲಿಹೊಟ್ಟೆಯ ಲೆಕ್ಕ ಅಷ್ಟು ಕೆಟ್ಟಿರಲಿಲ್ಲ, ಊಟವಾದ ಮೇಲೆ ಹಾರುತ್ತಿತ್ತು. ಹೆಂಡತಿ ಗಾಬರಿಯಾಗಿ, ‘ಏನ್ ತಿಂದ್ರೀ ಹೊರಗ?’ ಎಂದಳು. ಅದೇ ಜೋಳದ ರೊಟ್ಟಿ, ಅದೇ ಪಲ್ಯ ತಿಂದಿದ್ದೆ.

ನಮ್ಮ ಓಣಿಯ ಡಾಕ್ಟರು ನೋಡಿದ ಕೂಡಲೇ ಕೇಳಿದರು: ‘ಸ್ಟೀರಾಯ್ಡ್ ಹಾಕಿಸಿಕೊಂಡೀರೇನ್ರಿ?’ ಬೆನ್ನಿಗೆ ಕೊಟ್ಟ ಔಷಧ ಬೆನ್ನಿನಲ್ಲೇ ಇರುವುದಿಲ್ಲ, ರಕ್ತಕ್ಕೂ ಸೇರುತ್ತದೆ; ಲಿವರ್ ಹೆಚ್ಚು ಸಕ್ಕರೆ ಬಿಡುವಂತೆ ಮಾಡುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಂತೆಯೂ ಮಾಡುತ್ತದೆ ಎಂದು ಬಿಡಿಸಿ ಹೇಳಿದರು. ಕೆಲವು ದಿನಕ್ಕೆ ಮಾತ್ರೆ ಬದಲಿಸಿದರು. ವಾರ ಕಳೆಯುವುದರೊಳಗೆ ಇಳಿಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಶುಗರ್ ಇದ್ದವರು ಈ ಇಂಜೆಕ್ಷನ್ನಿಗೆ ಹೋಗುವ ಮುಂಚೆ ತಮ್ಮ ಶುಗರ್ ಡಾಕ್ಟರನ್ನು ಕಂಡು, ಎಷ್ಟಕ್ಕೆ ಏರಿದರೆ ಏನು ಮಾಡಬೇಕು ಎಂದು ಬರೆಸಿಕೊಂಡು ಹೋಗಿ.

ಎರಡು ತಿಂಗಳು ದಾಟುವ ಹೊತ್ತಿಗೆ ಎಳೆತ ಮೆಲ್ಲಗೆ ತಿರುಗಿ ಬಂತು. ಮತ್ತೊಂದು ಹಾಕಿಸಬಹುದು ಎಂದರು. ಸಾಮಾನ್ಯವಾಗಿ ವರ್ಷಕ್ಕೆ ಮೂರು-ನಾಲ್ಕಕ್ಕಿಂತ ಹೆಚ್ಚು ಕೊಡುವುದಿಲ್ಲವಂತೆ. ನಾನು ಫಿಸಿಯೋಥೆರಪಿಗೆ ಹೋದೆ.

ಅಲ್ಲಿಯ ಶಾಖದ ಮಿಷನ್ನು ಹಿತವಾಗಿತ್ತು, ಗುಣ ಕೊಟ್ಟದ್ದು ವ್ಯಾಯಾಮ. ಬೋರಲು ಮಲಗಿ, ಸೊಂಟವನ್ನು ನೆಲಕ್ಕೇ ಬಿಟ್ಟು, ಅಂಗೈ ಊರಿ ಎದೆಯನ್ನಷ್ಟೇ ಮೇಲೆತ್ತುವುದು. ಮೊದಮೊದಲು ಸೊಂಟದ ನೋವು ಹೆಚ್ಚಾಯಿತು. ಕಲಿಸುತ್ತಿದ್ದ ಹುಡುಗಿ, ‘ಕಾಲಾಗಿನ ನೋವು ಮ್ಯಾಲೆ ಏರಿ ಟೊಂಕಕ್ಕ ಬಂತಂದ್ರ ಛಲೋ ಆತ್ರಿ ಕಾಕಾ, ಗಾಬರಿ ಆಗಬ್ಯಾಡ್ರಿ’ ಎಂದಳು. ಹಾಗೆಯೇ ಆಯಿತು. ಕಿರುಬೆರಳು ಬಿಟ್ಟಿತು, ಆಮೇಲೆ ಮೀನಖಂಡ, ಆಮೇಲೆ ತೊಡೆ. ಕಡೆಗೆ ಸೊಂಟದಲ್ಲಿ ಒಂದು ಅಂಗೈಯಗಲ ಉಳಿಯಿತು. ಇದು ಎಲ್ಲರಿಗೂ ಹೊಂದುವ ವ್ಯಾಯಾಮವಲ್ಲ; ಮಾಡುವಾಗ ನೋವು ಕಾಲಿಗೆ ಇಳಿಯತೊಡಗಿದರೆ ನಿಲ್ಲಿಸಬೇಕು ಎಂದೂ ಹೇಳಿದ್ದಳು.

ಕುತ್ತಿಗೆಗೂ ಇಂಜೆಕ್ಷನ್ ಮಾಡೋಣ ಎಂಬ ಮಾತು ಬಂದಿತ್ತು. ಬೇಡವೆಂದೆ. ಅಲ್ಲಿ ಮೆದುಳಿಗೆ, ಬೆನ್ನುಹುರಿಗೆ ಹೋಗುವ ರಕ್ತನಾಳಗಳು ಹತ್ತಿರದಲ್ಲೇ ಇರುತ್ತವೆ; ಕೆಲವು ಸ್ಟೀರಾಯ್ಡುಗಳಲ್ಲಿ ಕಣಗಳಿದ್ದು, ಅವು ನಾಳಕ್ಕೆ ಸೇರಿದರೆ ಕಟ್ಟಿಕೊಳ್ಳುವ ಅಪಾಯ. ಹೀಗೆ ಬೆನ್ನುಹುರಿಯ ಹೊದಿಕೆಯ ಹೊರಗೆ ಬಿಡುವ (ಎಪಿಡ್ಯೂರಲ್) ಸ್ಟೀರಾಯ್ಡಿನಿಂದ ಅಪರೂಪಕ್ಕೆ ದೃಷ್ಟಿನಾಶ, ಲಕ್ವಾ, ಸಾವು ಕೂಡ ಆಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲೇ ಎಚ್ಚರಿಸಿದೆ. ಗದ್ದ ಒಳಗೆಳೆದುಕೊಳ್ಳುವ ವ್ಯಾಯಾಮ, ಕಂಪ್ಯೂಟರ್ ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿದ್ದು, ನನ್ನ ಕುತ್ತಿಗೆಗೆ ಇಷ್ಟೇ ಸಾಕಾಯಿತು.

ಖರ್ಚು: ಇಂಜೆಕ್ಷನ್ನಿಗೆ ಎಲ್ಲ ಸೇರಿ ನನಗೆ ಹದಿನೆಂಟು ಸಾವಿರ ಬಿತ್ತು. ಫಿಸಿಯೋಥೆರಪಿ ಒಂದು ಸಲಕ್ಕೆ 350. ಕಲಿತ ಮೇಲೆ ಮನೆಯಲ್ಲೇ, ಪುಕ್ಕಟೆ.

ಕಾಲಿನ ನೋವಿಗೆ ಕೂರಲೂ ಮಲಗಲೂ ಆಗದವರಿಗೆ, ನೋವು ಹೊಸದಿದ್ದಾಗ, ಇಂಜೆಕ್ಷನ್ ಉಪಯೋಗಕ್ಕೆ ಬರಬಹುದು. ಅದು ಕೊಡುವ ಬಿಡುವಿನಲ್ಲೇ ವ್ಯಾಯಾಮ ಶುರು ಮಾಡಬೇಕು. ಮೂರು ತಿಂಗಳು ಮೀರಿದ ಬೆನ್ನು-ಕುತ್ತಿಗೆ ನೋವಿಗೆ ಈ ಇಂಜೆಕ್ಷನ್ ಬೇಡವೆಂದೇ 2025ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಮಾರ್ಗಸೂಚಿ ಹೇಳುತ್ತದೆ. ನೋವಿನ ತಜ್ಞರ ಸಂಘಗಳು ಅದನ್ನು ಒಪ್ಪಿಲ್ಲ. ನನ್ನ ಅನುಭವ ಮಾರ್ಗಸೂಚಿಯ ಕಡೆಗೇ ವಾಲುತ್ತದೆ.

ಒಂದು ವಿಷಯದಲ್ಲಿ ಮಾತ್ರ ಈ ಹೋಲಿಕೆಯೇ ಸಲ್ಲದು. ತೊಡೆಸಂದಿ ಮರಗಟ್ಟಿದರೆ, ಮೂತ್ರ ಹಿಡಿತ ತಪ್ಪಿದರೆ, ಪಾದ ಎತ್ತಲಾಗದಿದ್ದರೆ ಚಾಪೆಯೂ ಬೇಡ, ಇಂಜೆಕ್ಷನ್ನೂ ಬೇಡ. ಅವತ್ತೇ ಕಿಮ್ಸ್‌ಗೋ ಹತ್ತಿರದ ದೊಡ್ಡಾಸ್ಪತ್ರೆಗೋ ಹೋಗಿ.