ಇವಿ ಪವರ್ ಪ್ಲಸ್: ಮಡಿಕೇರಿವರೆಗೆ ಬಂತು, ಲೈನ್ ಮನೆವರೆಗೆ ಬಂದಿಲ್ಲ

ಕೆಎಸ್‌ಆರ್‌ಟಿಸಿ 2023ರಲ್ಲಿ ಬೆಂಗಳೂರು–ಮಡಿಕೇರಿ ದಾರಿಗೆ ಬಿಟ್ಟ ಇವಿ ಪವರ್ ಪ್ಲಸ್ ಒಳ್ಳೆಯ ಎಲೆಕ್ಟ್ರಿಕ್ ಬಸ್ಸು. 12 ಮೀಟರ್ ಉದ್ದ, 43 ಆಸನ, ಎಸಿ. ಡೀಸೆಲ್ ಬಸ್ಸು ಏರು ಹತ್ತುವಾಗ ಗೇರ್ ಬದಲಿಸಿದಾಗಲೆಲ್ಲ ಆಗುವ ಜಗ್ಗಾಟ ಇದರಲ್ಲಿಲ್ಲ. ತಿರುವಿನ ರಸ್ತೆಯಲ್ಲಿ ವಾಂತಿ ಬರುವವರಿಗೆ ಅದೇ ದೊಡ್ಡ ನೆಮ್ಮದಿ.

ಒಂದು ಚಾರ್ಜಿಗೆ 250ರಿಂದ 300 ಕಿ.ಮೀ. ಎಂಬ ಲೆಕ್ಕವನ್ನು ಮಾತ್ರ ಬಯಲುಸೀಮೆಯ ಹಾಗೆ ನಂಬಬಾರದು. ಕುಶಾಲನಗರದಿಂದ ಸುಂಟಿಕೊಪ್ಪ, ಬೋಯಿಕೇರಿ ದಾಟಿ ಮಡಿಕೇರಿ ಮುಟ್ಟುವಷ್ಟರಲ್ಲಿ ಸುಮಾರು 300 ಮೀಟರ್ ಏರು. 16 ಟನ್ ಭಾರವನ್ನು ಅಷ್ಟೆತ್ತರಕ್ಕೆ ಒಯ್ಯಲು 13 ಯೂನಿಟ್ ಕರೆಂಟು ಬೇಕು. ಮೋಟಾರಿನ ನಷ್ಟ, ಎಸಿ ಬೇರೆ. ಇಳಿಯುವಾಗ ಮೋಟಾರೇ ಬ್ರೇಕಿನ ಕೆಲಸ ಮಾಡಿ ಅದರಲ್ಲೊಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಮಡಿಕೇರಿಯಲ್ಲೇ ಪೂರ್ತಿ ಚಾರ್ಜು ಮಾಡಿ ಹೊರಟರೆ ಆ ಕರೆಂಟಿಗೆ ಬ್ಯಾಟರಿಯಲ್ಲಿ ಜಾಗವಿರದು, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಮೇಲಿನ ಊರಲ್ಲಿ ಶೇ 90ಕ್ಕೆ ನಿಲ್ಲಿಸುವುದೇ ಸರಿ.

ಹತ್ತುವವರ ಲೆಕ್ಕ ಬೇರೆ. ಎಸಿ ಬಸ್ಸಾದ್ದರಿಂದ ಶಕ್ತಿ ಯೋಜನೆಯ ಉಚಿತ ಟಿಕೆಟ್ ಇದರಲ್ಲಿಲ್ಲ. ಕುಟ್ಟ, ಮಾಕುಟ್ಟ ದಾಟಿ ಕೇರಳಕ್ಕೆ ಹೋಗುವ ಅಂತರರಾಜ್ಯ ಬಸ್ಸಿನಲ್ಲೂ ಇಲ್ಲ. ಕರ್ನಾಟಕದ ವಿಳಾಸದ ಗುರುತಿನ ಚೀಟಿ ಕೇಳುವುದರಿಂದ, ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬರುವ ಹೆಂಗಸರಿಗೆ ಕೆಂಪು ಬಸ್ಸಿನಲ್ಲೂ ಇಲ್ಲ. ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಗಳ, ಅನೇಕರು ಇವತ್ತಿಗೂ ತೋಟಕ್ಕೆ ಹೋಗುವುದು ಪಿಕಪ್ಪಿನ ಹಿಂದೆ ನಿಂತುಕೊಂಡು. ಅದು ಸಾಮಾನು ಸಾಗಿಸುವ ಗಾಡಿ. ಮಗುಚಿದರೆ ವಿಮೆಯ ದುಡ್ಡಿಗೂ ತಕರಾರು. ಇದು ನ್ಯಾಯವಲ್ಲ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಇಲ್ಲಿಗೆ ಬರಬೇಕು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ವರ್ಷದ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದರೂ ಸಾಕು, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2 ಇದಕ್ಕೆ ಖರ್ಚು ಮಾಡಬೇಕು. ಕಂಪನಿ ಕೆಲಸ ಮಾಡುವ ಸುತ್ತಮುತ್ತಲಿನ ಊರಿಗೆ ಆದ್ಯತೆ. ತನ್ನ ಕೂಲಿಯವರನ್ನಷ್ಟೇ ಒಯ್ಯುವ ವ್ಯಾನು ಈ ಲೆಕ್ಕಕ್ಕೆ ಸೇರದು. ಅದು ಕಂಪನಿಯೇ ಭರಿಸಬೇಕಾದ ಖರ್ಚು. ಶಾಲೆ, ಆಸ್ಪತ್ರೆ, ಸಂತೆಗೆ ಊರವರೆಲ್ಲ ಹತ್ತಬಹುದಾದ ಎಲೆಕ್ಟ್ರಿಕ್ ಮಿನಿ ಬಸ್ಸಾದರೆ ದಾರಿಯಿದೆ. ಸಿದ್ದಾಪುರ–ಅಮ್ಮತ್ತಿ–ವಿರಾಜಪೇಟೆ ಸುಮಾರು 20 ಕಿ.ಮೀ.; ದಿನಕ್ಕೆ ನಾಲ್ಕು ಸಲ ಹೋಗಿ ಬಂದರೆ 160. ಮಧ್ಯಾಹ್ನ ಒಂದು ಗಂಟೆ ಹೊತ್ತು ಚಾರ್ಜಿಗೆ ನಿಲ್ಲಿಸಿದರೆ ಸುಲಭವಾಗಿ ಸಾಗುತ್ತದೆ.

ಬಸ್ಸಿನ ಮೇಲೆ ಹೆಸರು ಬರೆಸಿ ಬೀಗದ ಕೈ ಕೊಟ್ಟರೆ ಮುಗಿಯಲಿಲ್ಲ. ಚಾಲಕನ ಸಂಬಳ, ಮುಂದೆ ಬದಲಿಸಬೇಕಾದ ಬ್ಯಾಟರಿ, ಕಕ್ಕಡದ (ಕೊಡಗಿನ ಆಟಿ ತಿಂಗಳು, ಜುಲೈ–ಆಗಸ್ಟ್) ಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಹೋದಾಗ ಓಡಿಸುವ ಬದಲಿ ಬಸ್ಸು, ಇವು ಮೂರೂ ಒಪ್ಪಂದದಲ್ಲೇ ಇರಬೇಕು.