ಕೇಳಿದ್ದಕ್ಕೆಲ್ಲ ‘ಆಗುತ್ತೆ’ ಅನ್ನುವವರಿಂದ ಟೈಟೇನಿಯಂ ಫ್ರೇಮ್ ಮಾಡಿಸಬೇಡಿ

ಕೊರಟಗೆರೆಯ ಒಂದು ಟೀ ಅಂಗಡಿ. ಬೆಳಿಗ್ಗೆ ಒಂಬತ್ತೂವರೆ ಇರಬೇಕು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಕೆಂಪು ಧೂಳು ಒರೆಸೋಣ ಅಂತ ಹಳೇ ಬನಿಯನ್ ಬಟ್ಟೆ ತೆಗೆದೆ. ಪೆಡಲ್ ಹಿಂದೆ, ಬಲಗಡೆಯ ಚೈನ್‌ಸ್ಟೇ (ಪೆಡಲ್ ಬುಡದಿಂದ ಹಿಂದಿನ ಚಕ್ರದ ನಡುವಿನವರೆಗೆ ಹೋಗುವ ಫ್ರೇಮಿನ ಲೋಹದ ಟ್ಯೂಬ್) ಶುರುವಾಗುವ ಜಾಗದಲ್ಲಿ ಬಟ್ಟೆಯ ಒಂದು ಎಳೆ ಸಿಕ್ಕಿಕೊಂಡಿತು. ಎಳೆದೆ, ಬರಲಿಲ್ಲ. ಬಗ್ಗಿ ನೋಡಿದೆ. ವೆಲ್ಡ್ ಪಕ್ಕದಲ್ಲೇ ಕೂದಲಿನಷ್ಟು ಸಣ್ಣ ಗೆರೆ. ಉಗುರು ಆಡಿಸಿದರೆ ತಡೆಯುತ್ತಿತ್ತು. ಸೈಕಲ್ ಮಲಗಿಸಿ ನೋಡಿದಾಗ ಆ ಗೆರೆ ಟ್ಯೂಬಿನ ಸುತ್ತ ಅರ್ಧದಷ್ಟು ಹೋಗಿತ್ತು.

ಅದು ಹದಿನಾಲ್ಕು ತಿಂಗಳ ಹಿಂದೆ ನಾನೇ ಅಳತೆ ಕೊಟ್ಟು ಮಾಡಿಸಿದ ಟೈಟೇನಿಯಂ ಗ್ರಾವೆಲ್ ಬೈಕ್. ಫ್ರೇಮ್ ಮತ್ತು ಫೋರ್ಕಿಗೇ 1,72,000 ರೂಪಾಯಿ ಕೊಟ್ಟಿದ್ದೆ. ಮೂರು ವರ್ಷ ಕೂಡಿಸಿದ ದುಡ್ಡು ಅದು. ಈಗ ನಮ್ಮ ತುಮಕೂರಿನಲ್ಲೇ ಇಬ್ಬರು ಪರಿಚಯದವರು ಇದೇ ರೀತಿ ಫ್ರೇಮ್ ಮಾಡಿಸಲು ಹೊರಟಿದ್ದಾರೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಎಲ್ಲರಿಗೂ ಬರೆದುಬಿಡೋಣ ಅನಿಸಿತು. ಮಾರಿದವರ ಹೆಸರು ಬರೆಯುವುದಿಲ್ಲ. ದೂರು ಇನ್ನೂ ನಡೆಯುತ್ತಿದೆ.

ಟೈಟೇನಿಯಂ ಯಾಕೆ ಬೇಕಾಯಿತು ಅಂತ ಮೊದಲು ಹೇಳಬೇಕು. ನಮ್ಮ ಕಡೆಯ ದಾರಿ ನಿಮಗೆ ಗೊತ್ತಲ್ವಾ? ಬುಗುಡನಹಳ್ಳಿ ಕೆರೆ ಕಡೆಗೆ ಹೋದರೆ ಹೇಮಾವತಿ ನಾಲೆ ಪಕ್ಕದ ಮಣ್ಣಿನ ದಾರಿ. ದೇವರಾಯನದುರ್ಗಕ್ಕೆ ಹೋದರೆ ಡಾಂಬರಿನ ಏರು. ಸಿದ್ದರಬೆಟ್ಟ, ಚನ್ನರಾಯನದುರ್ಗದ ಕಡೆ ಜಲ್ಲಿ, ಮರಳು, ಗಾಡಿ ಜಾಡು. ಇದಕ್ಕೆಲ್ಲ ಸೇರಿ ಒಂದೇ ಸೈಕಲ್ ಬೇಕಿತ್ತು. ಎರಡು ರಾತ್ರಿಯ ಬ್ಯಾಗ್ ಕಟ್ಟಿಕೊಂಡು ಮಧುಗಿರಿ ದಾಟಿ ಪಾವಗಡದವರೆಗೂ ಹೋಗುವಂತಿರಬೇಕು. ಟೈಟೇನಿಯಂ ತುಕ್ಕು ಹಿಡಿಯುವುದಿಲ್ಲ. ಬಣ್ಣ ಬೇಕಿಲ್ಲ, ಕಲ್ಲು ತಾಗಿದ ಗೀರನ್ನು ಉಜ್ಜಿದರೆ ಹೋಗುತ್ತದೆ. ಇದು ಈಗಲೂ ನಿಜ. ಲೋಹದ ಮೇಲೆ ನನಗೆ ಯಾವ ಕೋಪವೂ ಇಲ್ಲ.

ತಪ್ಪು ಶುರುವಾಗಿದ್ದು ಡ್ರಾಯಿಂಗ್‌ನಲ್ಲಿ.

ನಾನು ಕೇಳಿದ್ದು ಇಷ್ಟು. ಹಿಂದಿನ ಚಕ್ರ ಹತ್ತಿರ ಇರಲಿ, ಏರಿನಲ್ಲಿ ಚುರುಕಾಗಿರಲಿ, ಅದಕ್ಕೆ ಚೈನ್‌ಸ್ಟೇ 420 ಮಿ.ಮೀ. ಟೈರ್ 700x45 ಹಿಡಿಯಬೇಕು (700 ಚಕ್ರದ ಸೈಜ್, 45 ಟೈರಿನ ಅಗಲ ಮಿ.ಮೀ.ನಲ್ಲಿ). ಮುಂದೆ 46 ಮತ್ತು 30 ಹಲ್ಲಿನ ಎರಡು ಚೈನ್‌ರಿಂಗ್ (ಪೆಡಲ್ ಹತ್ತಿರ ಚೈನ್ ಕೂರುವ ಹಲ್ಲಿನ ಚಕ್ರ). ಮೂರು ಬಾಟಲಿ, ಹಿಂದೆ ಕ್ಯಾರಿಯರ್, ಮಡ್‌ಗಾರ್ಡ್, ಎಲ್ಲ ಕೇಬಲ್ ಒಳಗೆ. ತೂಕವೂ ಕಮ್ಮಿ ಇರಬೇಕು. ಒಂದೊಂದನ್ನು ಹೇಳಿದಾಗಲೂ ಆ ಕಡೆಯಿಂದ ಒಂದೇ ಉತ್ತರ: “ಆಗುತ್ತೆ ಮೇಡಂ.” ಆಗ ಬಹಳ ಖುಷಿಯಾಗಿತ್ತು. ಎಷ್ಟು ಒಳ್ಳೆಯವರು, ಒಂದಕ್ಕೂ ಇಲ್ಲ ಅನ್ನಲಿಲ್ಲವಲ್ಲ ಅಂತ. ಈಗ ಅನಿಸುತ್ತದೆ, ಆ ಮೂರನೇ “ಆಗುತ್ತೆ” ಕೇಳಿದಾಗಲೇ ಫೋನ್ ಇಡಬೇಕಿತ್ತು.

ಯಾಕೆ ಅಂದರೆ, ನಾನು ಕೇಳಿದ್ದೆಲ್ಲ ಒಂದೇ ಜಾಗದಲ್ಲಿ ಬಂದು ಜಗಳ ಆಡುತ್ತವೆ. ಪೆಡಲ್‌ಗಳು ತಿರುಗುವ ಬೇರಿಂಗ್, ಅಂದರೆ ಬಾಟಮ್ ಬ್ರ್ಯಾಕೆಟ್‌ನಿಂದ ಸುಮಾರು ಒಂಬತ್ತು ಹತ್ತು ಸೆಂ.ಮೀ. ಹಿಂದೆ ಬೆರಳಿಟ್ಟು ನೋಡಿ. ಅಲ್ಲಿ ಪಕ್ಕಪಕ್ಕ ಇರಬೇಕಾದವು: ಟೈರ್, ಅದರಾಚೆ ಮಣ್ಣಿಗೆ ಬಿಡುವ ಸಂದು, ಚೈನ್‌ಸ್ಟೇ ಟ್ಯೂಬ್, ಮತ್ತೆ ಸ್ವಲ್ಪ ಸಂದು, ಆಮೇಲೆ ದೊಡ್ಡ ಚೈನ್‌ರಿಂಗ್. 46 ಹಲ್ಲಿನ ರಿಂಗ್‌ನ ತ್ರಿಜ್ಯ ಸುಮಾರು 93 ಮಿ.ಮೀ. ಅದರ ಹಿಂದಿನ ಅಂಚು ಬರುವುದೂ ಟೈರ್ ದಪ್ಪವಾಗುವುದೂ ಅಲ್ಲೇ. ನಡುವೆ ಟ್ಯೂಬಿಗೆ ಜಾಗ ಎಲ್ಲಿ? ಚೈನ್‌ಸ್ಟೇ 10–15 ಮಿ.ಮೀ. ಉದ್ದ ಮಾಡಿದರೆ ಟೈರ್ ಅಷ್ಟು ಹಿಂದೆ ಸರಿಯುತ್ತದೆ, ಉಸಿರಾಡಲು ಜಾಗ ಸಿಗುತ್ತದೆ. ಮುಂದೆ ಒಂದೇ ಚಿಕ್ಕ ರಿಂಗ್ ಹಾಕಿದರೂ ಸಿಗುತ್ತದೆ. ಆ ಜಾಗದಲ್ಲಿ ಟ್ಯೂಬ್ ಬದಲು ಗಟ್ಟಿ ಪ್ಲೇಟಿನ ಯೋಕ್ ಹಾಕುವ ಬಿಲ್ಡರ್‌ಗಳೂ ಇದ್ದಾರೆ. ಶಿಮಾನೊ ಕಂಪನಿಯ ಗ್ರಾವೆಲ್ ಬೈಕಿನ ಜಿಆರ್‌ಎಕ್ಸ್ ಕ್ರ್ಯಾಂಕ್‌ನಲ್ಲಿ (ಪೆಡಲ್ ತೋಳು) ಚೈನ್ ಓಡುವ ಗೆರೆಯನ್ನು, ಅಂದರೆ ಚೈನ್‌ಲೈನನ್ನು ರೋಡ್ ಕ್ರ್ಯಾಂಕ್‌ಗಿಂತ 2.5 ಮಿ.ಮೀ. ಹೊರಗೆ ಇಟ್ಟಿರುವುದೂ ಇದೇ ಕಾರಣಕ್ಕೆ, ದಪ್ಪ ಟೈರ್‌ಗೆ ಜಾಗ ಸಿಗಲಿ ಅಂತ. ಅಷ್ಟು ದೊಡ್ಡ ಕಂಪನಿಯೇ ಎರಡೂವರೆ ಮಿಲಿಮೀಟರ್‌ಗೆ ಹೊಸ ಕ್ರ್ಯಾಂಕ್ ಮಾಡಬೇಕಾಯಿತು.

ನನ್ನ ಫ್ರೇಮ್ ಮಾಡಿದವರು ಏನು ಮಾಡಿದರು? 22 ಮಿ.ಮೀ. ಟ್ಯೂಬನ್ನು ಆ ಜಾಗದಲ್ಲಿ 14 ಮಿ.ಮೀ.ಗೆ ಚಪ್ಪಟೆ ಮಾಡಿದರು. ಚಪ್ಪಟೆ ಮಾಡುವುದು ತಪ್ಪಲ್ಲ, ಎಲ್ಲರೂ ಸ್ವಲ್ಪ ಮಾಡುತ್ತಾರೆ. ಆದರೆ ಇಲ್ಲಿ ಆ ಮಡಿಕೆ ವೆಲ್ಡ್ ಬುಡದವರೆಗೂ ಬಂದಿತ್ತು. ತೆಳು ಟ್ಯೂಬ್, ಮಡಿಕೆ, ವೆಲ್ಡ್ ಮೂರೂ ಒಂದೇ ಕಡೆ. ಪ್ರತಿ ಪೆಡಲ್ ತುಳಿತದ ಎಳೆತ ಹೋಗುವುದೂ ಅದೇ ಬಲಗಡೆಯ ಚೈನ್‌ಸ್ಟೇ ಮೂಲಕ. ಟೈಟೇನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಬಾಗುವ ಲೋಹ. ಅದಕ್ಕೇ ಟ್ಯೂಬ್ ದಪ್ಪಗಿರಬೇಕು, ಚೈನ್‌ಸ್ಟೇ ಅಂತೂ ಇನ್ನೂ ಗಟ್ಟಿ ಇರಬೇಕು. ತೂಕ ಕಮ್ಮಿ ಮಾಡಿ ಅಂತ ಕೇಳಿದ್ದು ನಾನೇ, ಅದು ಆ ಜಾಗದಲ್ಲೇ ಕಮ್ಮಿಯಾಯಿತು.

ಬಿರುಕಿಗೆ ಮುಂಚೆಯೇ ಎರಡು ಸೂಚನೆ ಬಂದಿದ್ದವು. ಒಂದು, ಕಾಲು ತಾಗುವುದು. ನನ್ನ ಎತ್ತರ 158 ಸೆಂ.ಮೀ. ಇಷ್ಟು ಸಣ್ಣ ಫ್ರೇಮಿಗೆ 700x45 ಟೈರ್ ಹಾಕಿದರೆ, ಹ್ಯಾಂಡಲ್ ತಿರುಗಿಸಿದಾಗ ಶೂ ತುದಿ ಮುಂದಿನ ಚಕ್ರಕ್ಕೆ ತಗಲುತ್ತದೆ. ನಾಮದ ಚಿಲುಮೆ ಹತ್ತಿರ ನಡೆಯುವ ವೇಗದಲ್ಲಿ ಯು-ಟರ್ನ್ ಮಾಡುವಾಗ ಬಿದ್ದೆ. ಮೊಣಕೈ ತರಚಿತು, ಅಷ್ಟೇ. ಆದರೆ ಬ್ಯಾಗ್ ಕಟ್ಟಿಕೊಂಡು, ಪಕ್ಕದಲ್ಲಿ ಲಾರಿ ಬರುವಾಗ ಹೀಗೆ ಆಗಿದ್ದರೆ? ನನ್ನಂತಹ ಗಿಡ್ಡ ಇರುವವರಿಗೆ 700ಕ್ಕಿಂತ ಚಿಕ್ಕದಾದ 650ಬಿ ಚಕ್ರ ಸರಿ. 47 ಮಿ.ಮೀ. ಟೈರ್ ಹಾಕಿದರೂ ಚಕ್ರದ ಅಂಚು ಸುಮಾರು 17 ಮಿ.ಮೀ. ಹಿಂದೆ ಉಳಿಯುತ್ತದೆ. ಎತ್ತರ, ಶೂ ಸೈಜ್, ಕ್ರ್ಯಾಂಕ್ ಉದ್ದ ಮೂರನ್ನೂ ಕೊಟ್ಟಿದ್ದೆ. ಒಬ್ಬರೂ ಲೆಕ್ಕ ಹಾಕಲಿಲ್ಲ.

ಎರಡನೆಯದು ಮಣ್ಣು. ಡ್ರಾಯಿಂಗ್‌ನಲ್ಲಿ “700x45 ಸರಿಹೊಂದುತ್ತದೆ” ಅಂತ ಒಂದೇ ಸಾಲು ಇತ್ತು. ಸರಿಹೊಂದಿತು, ಸುಳ್ಳಲ್ಲ. ಆದರೆ ಒಳಗಲ 25 ಮಿ.ಮೀ. ಇರುವ ನನ್ನ ರಿಮ್ ಮೇಲೆ 45ರ ಟೈರ್ ಉಬ್ಬಿ 47 ಆಗುತ್ತದೆ. ಉಳಿದ ಸಂದು ಎರಡೂ ಕಡೆ ಮೂರು ಮೂರು ಮಿ.ಮೀ. ಅಕ್ಟೋಬರ್ ಮಳೆ ಬಿದ್ದ ಮಾರನೇ ದಿನ ನಾಲೆ ದಾರಿಗೆ ಹೋದೆ. ಅರ್ಧ ಕಿಲೋಮೀಟರ್‌ಗೆ ಹಿಂದಿನ ಚಕ್ರ ನಿಂತೇಹೋಯಿತು. ಜೇಡಿಮಣ್ಣು ಗಟ್ಟಿಯಾಗಿ ತುಂಬಿಕೊಂಡಿತ್ತು, ಅದರೊಳಗೆ ಸಣ್ಣ ಕಲ್ಲು. ಕಡ್ಡಿಯಲ್ಲಿ ಕೆರೆದು ತೆಗೆದು, ಹೆಗಲ ಮೇಲೆ ಹೊತ್ತು ಡಾಂಬರಿನವರೆಗೆ ನಡೆದೆ. ಮನೆಗೆ ಬಂದು ತೊಳೆದಾಗ ಚೈನ್‌ಸ್ಟೇ ಒಳಬದಿಯಲ್ಲಿ ಕಲ್ಲು ಉಜ್ಜಿದ ಹೊಳೆಯುವ ಗೀರು. ಆಗಲೇ ತೆಳುವಾಗಿದ್ದ ಟ್ಯೂಬ್ ಮೇಲೆ ಅದೂ ಒಂದು.

ಆಮೇಲೆ ಸದ್ದು ಶುರುವಾಯಿತು. ನಿಂತು ತುಳಿದಾಗ ಟಿಕ್, ಟಿಕ್. ಬಾಟಮ್ ಬ್ರ್ಯಾಕೆಟ್ ಅಂತ ಎಲ್ಲರೂ ಹೇಳಿದರು. ಬದಲಾಯಿಸಿದೆ. ಪೆಡಲ್‌ಗೆ ಗ್ರೀಸ್ ಹಾಕಿದೆ, ಸೀಟ್‌ಪೋಸ್ಟ್ ತೆಗೆದು ಒರೆಸಿದೆ. ಸದ್ದು ಹೋಗಲಿಲ್ಲ. ಎರಡು ತಿಂಗಳು ಆ ಸದ್ದಿನ ಜೊತೆಗೇ ಓಡಾಡಿದೆ. ದಯವಿಟ್ಟು ಇದೊಂದು ಮಾತು ಕೇಳಿ. ಬಿರುಕಿನ ಸದ್ದೂ ಬಾಟಮ್ ಬ್ರ್ಯಾಕೆಟ್ ಸದ್ದಿನ ಹಾಗೇ ಇರುತ್ತದೆ. ಹೊಸದು ಹಾಕಿದ ಮೇಲೂ ಸದ್ದು ಇದ್ದರೆ, ಚೈನ್‌ಸ್ಟೇ ಬುಡ, ಸೀಟ್‌ಪೋಸ್ಟ್ ಕೂರುವ ಸೀಟ್‌ಟ್ಯೂಬ್‌ನ ಸೀಳು, ಹ್ಯಾಂಡಲ್ ಕೆಳಗಿನ ಹೆಡ್‌ಟ್ಯೂಬ್‌ನ ಕೆಳಗಿನ ವೆಲ್ಡ್ ಮೂರು ಕಡೆಯೂ ಹತ್ತಿ ಬಟ್ಟೆ ಎಳೆದು ನೋಡಿ. ಕಣ್ಣಿಗೆ ಕಾಣದ್ದು ಬಟ್ಟೆಗೆ ಸಿಗುತ್ತದೆ.

ಕೊರಟಗೆರೆಯಿಂದ ಆ ದಿನ ಬಸ್ಸಿನ ಟಾಪ್ ಮೇಲೆ ಸೈಕಲ್ ಹಾಕಿಕೊಂಡು ಬಂದೆ. ಮಾರನೇ ದಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಟಿಗ್ ವೆಲ್ಡಿಂಗ್ ಮಾಡುವ ಒಬ್ಬರ ಹತ್ತಿರ ಹೋದೆ. ಹಾಲಿನ ಡೈರಿಗಳಿಗೆ, ಔಷಧಿ ಕಾರ್ಖಾನೆಗಳಿಗೆ ಸ್ಟೇನ್‌ಲೆಸ್ ಪೈಪ್ ಜೋಡಿಸುವವರು. ಅವರು ಬಿರುಕನ್ನು ಒಂದು ನಿಮಿಷ ನೋಡಿ, “ಹೊರಗಡೆ ಬಿಡಿ, ಒಳಗಡೆ ತೋರಿಸಿ” ಅಂದರು. ಬಾಟಮ್ ಬ್ರ್ಯಾಕೆಟ್ ಬಿಚ್ಚಿದೆವು. ಅದು ಕೂರುವ ಕೊಳವೆ, ಅಂದರೆ ಶೆಲ್ ಒಳಗೆ ಚೈನ್‌ಸ್ಟೇ ಕಡೆಗೆ ಒಂದು ಸಣ್ಣ ತೂತು ಇರುತ್ತದೆ. ಮೊಬೈಲ್‌ಗೆ ಹಾಕುವ ಎಂಡೋಸ್ಕೋಪ್ ಕ್ಯಾಮೆರಾವನ್ನು ಅದರೊಳಗೆ ಬಿಟ್ಟರು.

ಪರದೆಯ ಮೇಲೆ ಕಂಡದ್ದನ್ನು ಮರೆಯಲು ಆಗುವುದಿಲ್ಲ. ವೆಲ್ಡ್‌ನ ಹಿಂಬದಿ ಕಡುನೀಲಿ. ಅದರ ಪಕ್ಕ ಬೂದಿ ಬಣ್ಣ. ಬಿರುಕು ಬಿಟ್ಟ ಕಡೆ ಬಿಳಿ ಪುಡಿ, ಹಳೇ ಗೋಡೆಗೆ ಉಪ್ಪು ಹಿಡಿದ ಹಾಗೆ ಬುರುಗು ಬುರುಗು.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ಬೆಳ್ಳಿ ಬಣ್ಣ ಇದ್ರೆ ಒಳ್ಳೇ ವೆಲ್ಡು. ಒಣಹುಲ್ಲಿನ ಬಣ್ಣ ಇದ್ರೂ ಪರವಾಗಿಲ್ಲ. ನೀಲಿ ಬಂತು ಅಂದ್ರೆ ಗಾಳಿ ಹೊಕ್ಕಿದೆ. ಬೂದಿ, ಬಿಳಿ ಬಂದ್ರೆ ಅದು ಲೋಹ ಅಲ್ಲ, ಗಾಜು ಅಂದ್ಕೊಳ್ಳಿ.”

ಟೈಟೇನಿಯಂ ಸುಮಾರು 400 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಾಳಿಯ ಆಮ್ಲಜನಕ, ಸಾರಜನಕವನ್ನು ಹೀರಿಕೊಳ್ಳಲು ಶುರುಮಾಡುತ್ತದೆ. ಹೀರಿಕೊಂಡ ಕಡೆ ಪೆಡಸಾಗುತ್ತದೆ. ಅದಕ್ಕೇ ವೆಲ್ಡ್ ಮಾಡುವಾಗ ಹೊರಗೆ ಆರ್ಗಾನ್ ಅನಿಲ ಹಾಯಿಸಿದರೆ ಸಾಲದು. ಟ್ಯೂಬ್‌ಗಳ ಒಳಗೂ ಆರ್ಗಾನ್ ತುಂಬಿಸಿ, ವೆಲ್ಡ್ ತಣ್ಣಗಾಗುವವರೆಗೆ ಹಾಗೇ ಇಡಬೇಕು. ಇದನ್ನು ಪರ್ಜ್ ಅನ್ನುತ್ತಾರೆ. ಸಮಯ ಹಿಡಿಯುತ್ತದೆ, ಅನಿಲ ಖರ್ಚಾಗುತ್ತದೆ. ನನ್ನ ಫ್ರೇಮ್‌ನಲ್ಲಿ ಒಳಗಿನ ಪರ್ಜ್ ಮಾಡಿರಲಿಲ್ಲ, ಅಥವಾ ಅರ್ಧಂಬರ್ಧ ಮಾಡಿದ್ದರು. ಹೊರಗಿನಿಂದ ನನಗೆ ಗೊತ್ತಾಗುವ ಹಾಗೇ ಇರಲಿಲ್ಲ. ಬೀಡ್ ಬ್ಲಾಸ್ಟ್ ಮಾಡಿ (ಸಣ್ಣ ಮಣಿಗಳನ್ನು ರಭಸವಾಗಿ ಊದಿ) ವೆಲ್ಡ್ ಬಣ್ಣವನ್ನೆಲ್ಲ ಅಳಿಸಿ, ಚಂದದ ಬೂದು ಮ್ಯಾಟ್ ಫಿನಿಶ್ ಕೊಟ್ಟಿದ್ದರು.

ಇನ್ನೊಂದು ವಿಷಯ ಅವತ್ತು ತಿಳಿಯಿತು, ಮನಸ್ಸಿಗೆ ನಾಟಿತು. ನನ್ನ ಫ್ರೇಮ್ ಮೇಲೆ ನೀಲಿ ಅಕ್ಷರದಲ್ಲಿ ಹೆಸರು ಬರೆಸಿದ್ದೆ. ಆನೊಡೈಸಿಂಗ್ ಅಂತ ಅದಕ್ಕೆ ಬೇರೆ ದುಡ್ಡು ತೆಗೆದುಕೊಂಡಿದ್ದರು. ಅದರಲ್ಲಿ ಬಣ್ಣ ಅನ್ನುವುದೇ ಇಲ್ಲ. ಟೈಟೇನಿಯಂ ಮೇಲೆ ಆಕ್ಸೈಡ್ ಪದರ ಎಷ್ಟು ದಪ್ಪ ಇದೆ ಅನ್ನುವುದರ ಮೇಲೆ ಚಿನ್ನದ ಬಣ್ಣ, ನೇರಳೆ, ನೀಲಿ ಕಾಣುತ್ತದೆ. ವೆಲ್ಡ್ ಒಳಗಿನ ನೀಲಿಯೂ ಅದೇ ಪದರ. ಮೇಲೆ ಅಂದಕ್ಕೆ, ಒಳಗೆ ಅಪಾಯಕ್ಕೆ.

ರಿಪೇರಿ ಮಾಡಿಕೊಡಿ ಅಂತ ಕೇಳಿದೆ. ಮಾಡಲ್ಲ ಅಂದರು. “ಬಿರುಕು ಮುಚ್ಚಬಹುದು, ಪೆಡಸಾಗಿರೋ ಲೋಹನ ಸರಿಮಾಡಕ್ಕಾಗಲ್ಲ. ಇನ್ನೊಂದು ಇಂಚು ಪಕ್ಕದಲ್ಲಿ ಮತ್ತೆ ಬಿಡುತ್ತೆ, ಆಗ ನೀವು ಇಳಿಜಾರಲ್ಲಿ ಇರ್ತೀರಿ.” ದುಡ್ಡು ಕೂಡ ತೆಗೆದುಕೊಳ್ಳಲಿಲ್ಲ. ಅವರೇ ನನಗೆ ಮೊದಲ ಸಲ “ಆಗಲ್ಲ” ಅಂದವರು.

ವಾರಂಟಿ ಕಥೆ ಚಿಕ್ಕದು. ಮಾತಿನಲ್ಲಿ “ಲೈಫ್‌ಟೈಮ್”. ಬಿರುಕಿನ ಫೋಟೋ ಕಳಿಸಿದ ಮೇಲೆ, ಡ್ರಾಯಿಂಗ್‌ಗೆ ನೀವೇ ಸಹಿ ಹಾಕಿದ್ದೀರಿ, ವಿನ್ಯಾಸ ನಿಮ್ಮದು ಅಂತ ಉತ್ತರ ಬಂತು. ಕಾರ್ಖಾನೆ ಬೇರೆ ದೇಶದಲ್ಲಿದೆ, ನಾವು ಮಧ್ಯದವರು ಅಂತಲೂ ಸೇರಿಸಿದರು. ವಾಪಸ್ ಕಳಿಸುವ ಖರ್ಚು, ಮತ್ತೆ ಬಂದಾಗ ಕಸ್ಟಮ್ಸ್ ಸುಂಕ ಎಲ್ಲ ನನ್ನದಂತೆ. ನಾನು ಕೊಟ್ಟ ಮುಂಗಡ ವೈಯಕ್ತಿಕ ಖಾತೆಗೆ ಹೋಗಿತ್ತು. ಬಿಲ್ಲಿನಲ್ಲಿ ಫ್ರೇಮ್ ನಂಬರ್ ಇರಲಿಲ್ಲ. ಈ ಎರಡು ತಪ್ಪು ನೀವು ಮಾಡಬೇಡಿ.

1915ಕ್ಕೆ ಫೋನ್ ಮಾಡಿದೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆ. 2019ರ ಕಾಯ್ದೆ ಪ್ರಕಾರ ನಾವು ಇರುವ ಊರಲ್ಲೇ ದೂರು ಕೊಡಬಹುದು, ಮಾರಿದವರ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದ ಗಡುವು ಇದೆ, ಅದನ್ನು ಮಾತ್ರ ನೆನಪಿಡಿ.

ಮಾಡಿಸಲೇಬೇಕು ಅನ್ನುವವರಿಗೆ ನಾನು ಹೇಳುವುದು ಇದು. ಟೈರ್ ಹೆಸರು ಬರೆದ ಡ್ರಾಯಿಂಗ್ ಬೇಡ, ಸಂದು ಎಷ್ಟು ಮಿಲಿಮೀಟರ್ ಅಂತ ಬರೆದ ಡ್ರಾಯಿಂಗ್ ಕೇಳಿ. ಟೈರ್ ಎಡಬಲ, ಮೇಲೆ, ಚೈನ್‌ರಿಂಗ್ ಪಕ್ಕ, ನಿಮ್ಮ ಶೂ ತುದಿಯ ಹತ್ತಿರ. ನಮ್ಮ ಮಣ್ಣಿಗೆ ಎರಡೂ ಕಡೆ 6 ಮಿ.ಮೀ.ಗಿಂತ ಕಮ್ಮಿ ಇದ್ದರೆ ನಾನಂತೂ ಒಪ್ಪುವುದಿಲ್ಲ. ಚೈನ್‌ಸ್ಟೇ 430ಕ್ಕಿಂತ ಜಾಸ್ತಿ ಇರಲಿ, ಬ್ಯಾಗ್ ಕಟ್ಟಿದಾಗ ಸೈಕಲ್ ನೆಟ್ಟಗೆ ಹೋಗುತ್ತದೆ. ಆ ಚೈನ್‌ಸ್ಟೇ ವಿನ್ಯಾಸ ಸೈಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 4210 ಪರೀಕ್ಷೆ ದಾಟಿದೆಯಾ, ವರದಿ ತೋರಿಸಿ ಅನ್ನಿ. ಬ್ಲಾಸ್ಟ್ ಮಾಡುವ ಮುಂಚೆ ವೆಲ್ಡ್ ಫೋಟೋ, ಶೆಲ್ ಒಳಗಿನ ಫೋಟೋ ಬರದೆ ಬಾಕಿ ದುಡ್ಡು ಕಳಿಸಬೇಡಿ. ಮತ್ತೆ ಸುಮ್ನೆ ಒಂದು ಪರೀಕ್ಷೆ ಮಾಡಿ: 415ರ ಚೈನ್‌ಸ್ಟೇ, 50ರ ಟೈರ್, ಎರಡು ರಿಂಗ್ ಎಲ್ಲ ಒಟ್ಟಿಗೆ ಬೇಕು ಅಂತ ಕೇಳಿ. ಅದಕ್ಕೂ “ಆಗುತ್ತೆ” ಅಂದರೆ ಅವರ ಹತ್ತಿರ ಮಾಡಿಸಬೇಡಿ. “ಇದರಲ್ಲಿ ಒಂದನ್ನು ಬಿಡಿ” ಅಂದವರ ಜೊತೆ ಮಾತು ಮುಂದುವರಿಸಿ.

ಫ್ರೇಮ್ ಈಗ ನಮ್ಮ ಮನೆ ಅಟ್ಟದ ಮೇಲಿದೆ. ದೂರು ಮುಗಿಯುವವರೆಗೆ ಅದನ್ನು ಮುಟ್ಟುವ ಹಾಗಿಲ್ಲ. ನಾನು ಮತ್ತೆ ಹಳೇ ಸ್ಟೀಲ್ ಸೈಕಲ್ ಹತ್ತಿದ್ದೇನೆ. ಎಂಡೋಸ್ಕೋಪ್ ಕ್ಯಾಮೆರಾ ಒಂದು ಕೊಂಡಿದ್ದೇನೆ. ತುಮಕೂರು ಸುತ್ತಮುತ್ತ ಯಾರ ಹತ್ತಿರವಾದರೂ ಟಿಕ್ ಅನ್ನುವ ಟೈಟೇನಿಯಂ ಫ್ರೇಮ್ ಇದ್ದರೆ, ಭಾನುವಾರ ಬೆಳಿಗ್ಗೆ ಹೊತ್ತು ತನ್ನಿ. ಬಾಟಮ್ ಬ್ರ್ಯಾಕೆಟ್ ಬಿಚ್ಚಿ ಒಟ್ಟಿಗೆ ಒಳಗೆ ನೋಡೋಣ.