ಎಟೋಶಾನಾ, ಮೊರೆಮಿನಾ? ಟೆಂಟ್ ಎಲ್ಲಿ ಹಾಕೋಣ

ಮೊದಲ ಸಲ ತಾವೇ ಗಾಡಿ ಓಡಿಸಿಕೊಂಡು ಸಫಾರಿಗೆ ಹೋಗುವವರಿಗೆ ನಮೀಬಿಯಾದ ಎಟೋಶಾ ರಾಷ್ಟ್ರೀಯ ಉದ್ಯಾನ ಸರಿ. ಜಲ್ಲಿ ರಸ್ತೆ, ಮಾಮೂಲಿ ಕಾರೂ ನಡೆಯುತ್ತದೆ. ಕ್ಯಾಂಪ್‌ಗಳಿಗೆ ಬೇಲಿ ಇದೆ. ಸೂರ್ಯ ಮುಳುಗುವ ಮುಂಚೆ ಒಳಗಿರಬೇಕು. ಒಕಾಕುಯೋ ಕ್ಯಾಂಪ್‌ನಲ್ಲಿ ರಾತ್ರಿಯೆಲ್ಲ ದೀಪ ಉರಿಯುವ ನೀರಿನ ಹೊಂಡವಿದೆ. ಗೋಡೆಯ ಈಚೆ ಸುಮ್ನೆ ಕೂತಿರಿ. ಕಪ್ಪು ಖಡ್ಗಮೃಗ ಬಂದು ನೀರು ಹೀರುವ ಸದ್ದೂ ಕೇಳುವಷ್ಟು ಮೌನ.

ಬೋಟ್ಸ್ವಾನಾದ ಮೊರೆಮಿ ವನ್ಯಧಾಮ ಬೇರೆಯದೇ ಲೋಕ. ಥರ್ಡ್ ಬ್ರಿಡ್ಜ್ ಕ್ಯಾಂಪ್‌ಗೆ ಬೇಲಿಯೇ ಇಲ್ಲ. ಕತ್ತೆಕಿರುಬ ಟೆಂಟ್ ಪಕ್ಕದಲ್ಲೇ ಓಡಾಡಬಹುದು, ಊಟದ ಸಾಮಾನೆಲ್ಲ ಗಾಡಿಯೊಳಗೇ ಇರಲಿ. ಆಳದ ಮರಳು, ಟೈರ್ ಗಾಳಿ ಇಳಿಸಬೇಕು, ಫೋರ್ ವೀಲ್ ಡ್ರೈವ್ ಬೇಕೇ ಬೇಕು. ಖರ್ಚೂ ಜಾಸ್ತಿ.

ಎರಡೂ ಕಡೆ ನಮ್ಮಂತೆ ಎಡಬದಿ ಸಂಚಾರ. ಜೂನ್‌ನಿಂದ ಅಕ್ಟೋಬರ್ ಒಣ ಕಾಲ, ಪ್ರಾಣಿಗಳು ನೀರಿನ ಬಳಿ ಸೇರುತ್ತವೆ. ಮಕ್ಕಳು ಜೊತೆಗಿದ್ದರೆ ನಾನಂತೂ ಎಟೋಶಾ ಅನ್ನುತ್ತೇನೆ.